ಬರಿಗಾಲಲ್ಲಿ ಓಡಿದ್ರೆ ಮಂಡಿ ಉಳಿಯುತ್ತಾ, ಮೀನಖಂಡ ಹೋಗುತ್ತಾ?

ಮೊಳಕಾಲ್ಮೂರು ಎಕ್ಸ್‌ಪ್ರೆಸ್:

ವಯಸ್ಸು 36, ತೂಕ 78 ಕೆ.ಜಿ. ವಾರಕ್ಕೆ ನಾಲ್ಕು ದಿನ, ಒಟ್ಟು 30 ಕಿ.ಮೀ. ಓಟ, ಪೂರ್ತಿ ಬೆಂಗಳೂರಿನ ಡಾಂಬರು ರಸ್ತೆ ಮೇಲೆ. ಈಗಿರೋ ಶೂನಲ್ಲಿ ಹಿಮ್ಮಡಿ ಮುಂಗಾಲಿಗಿಂತ 10 ಮಿ.ಮೀ. ಎತ್ತರಕ್ಕಿದೆ. ಮೆಟ್ಟಿಲು ಇಳಿಯುವಾಗ, ಇಳಿಜಾರಲ್ಲಿ ಓಡುವಾಗ ಮಂಡಿಚಿಪ್ಪಿನ ಸುತ್ತ ನೋವು. ಊತ ಇಲ್ಲ, ಸ್ಕ್ಯಾನ್‌ನಲ್ಲಿ ಏನೂ ಸಿಕ್ಕಿಲ್ಲ. ಜೊತೆಗೆ ಓಡೋರು "ಶೂ ಬಿಸಾಕಿ, ಬರಿಗಾಲಲ್ಲಿ ಓಡಿ, ಎಲ್ಲಾ ಸರಿ ಹೋಗುತ್ತೆ" ಅಂತಾರೆ. ಇನ್ನು ಕೆಲವರು ಮೊದಲು ತೆಳು ಅಟ್ಟೆಯ ಶೂ ತಗೊಳ್ಳಿ ಅಂತಾರೆ. ಇದರಲ್ಲಿ ಯಾವುದು ಮೊದಲು? ಹತ್ತು ವಾರದಲ್ಲಿ ಒಂದು 10ಕೆ (10 ಕಿ.ಮೀ. ಓಟದ ಸ್ಪರ್ಧೆ) ಇದೆ, ಅಷ್ಟರೊಳಗೆ ಬದಲಾಯಿಸಿಕೊಳ್ಳಬಹುದಾ?

---

ಲೆಕ್ಕಾಚಾರ್ರು:

ಹತ್ತು ವಾರದೊಳಗೆ ಬೇಡ. ಯಾಕೆ ಅಂತ ಹೇಳ್ತೀನಿ.

ಬರಿಗಾಲಲ್ಲಿ ಓಡುವಾಗ ಹೆಜ್ಜೆ ತಾನಾಗೇ ಗಿಡ್ಡ ಆಗುತ್ತೆ, ಪಾದ ಮೈಗೆ ಹತ್ತಿರ ಬಂದು ಬೀಳುತ್ತೆ, ಬಹಳಷ್ಟು ಜನ ಹಿಮ್ಮಡಿ ಬಿಟ್ಟು ಮುಂಗಾಲಲ್ಲಿ ಇಳೀತಾರೆ. 2010ರಲ್ಲಿ ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ತಂಡ 'ನೇಚರ್' ಪತ್ರಿಕೆಯಲ್ಲಿ ತೋರಿಸಿದ್ದು ಇದನ್ನೇ: ಹಿಮ್ಮಡಿ ಮೊದಲು ಬಿದ್ದರೆ ನೆಲದ ಏಟು ಒಮ್ಮೆಲೇ ಮೇಲಕ್ಕೆ ಚಿಮ್ಮುತ್ತೆ, ಮುಂಗಾಲಲ್ಲಿ ಇಳಿದರೆ ಆ ಚೂಪು ಏಟು ಕಾಣೋದೇ ಇಲ್ಲ. ಮಂಡಿಚಿಪ್ಪಿನ ಮೇಲಿನ ಒತ್ತಡವೂ ತಗ್ಗುತ್ತೆ. ನಿಮ್ಮ ಸ್ನೇಹಿತರ ಮಾತು ಇಲ್ಲಿವರೆಗೆ ಸರಿ.

ಆದರೆ ಹೊರೆ ಎಲ್ಲಿಗೆ ಹೋಯ್ತು? ಆವಿಯಾಗಲಿಲ್ಲ. ಮಂಡಿಯಿಂದ ಇಳಿದು ಮೀನಖಂಡ, ಅಕಿಲಿಸ್ (ಮೀನಖಂಡವನ್ನ ಹಿಮ್ಮಡಿಗೆ ಕಟ್ಟೋ ದಪ್ಪ ನರದಂಥ ಸ್ನಾಯುರಜ್ಜು) ಮತ್ತು ಬೆರಳುಗಳ ಹಿಂದಿನ ಉದ್ದ ಮೂಳೆಗಳ (ಮೆಟಾಟಾರ್ಸಲ್) ಮೇಲೆ ಕೂತ್ಕೊಂಡಿತು. ಮೀನಖಂಡ ಒಂದೆರಡು ವಾರದಲ್ಲಿ ಒಗ್ಗುತ್ತೆ. ಮೂಳೆಗೆ ತಿಂಗಳುಗಟ್ಟಲೆ ಬೇಕು. ಉಸಿರಾಟ ಅಂತೂ ಮೊದಲೇ 30 ಕಿ.ಮೀ.ಗೆ ಪಳಗಿದೆ, ಹಾಗಾಗಿ ಸುಸ್ತಾಗಲ್ಲ, ನೀವು ನಿಲ್ಲಿಸಲ್ಲ. ಎಡವಟ್ಟಾಗೋದು ಅಲ್ಲೇ. 2013ರಲ್ಲಿ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು ಅನುಭವಿ ಓಟಗಾರರನ್ನು ಹತ್ತು ವಾರ (ನಿಮ್ಮದೇ ಹತ್ತು ವಾರ!) ಐದು ಬೆರಳಿನ ತೆಳು ಶೂಗೆ ಬದಲಾಯಿಸಿ ಎಂಆರ್‌ಐ ಮಾಡಿದರು. 19 ಜನರಲ್ಲಿ 10 ಜನರ ಪಾದದ ಮೂಳೆಯಲ್ಲಿ ಮಜ್ಜೆಯ ಊತ ಹೆಚ್ಚಿತ್ತು. ಮಾಮೂಲಿ ಶೂನಲ್ಲೇ ಓಡಿದ 17 ಜನರಲ್ಲಿ ಒಬ್ಬರಿಗೆ ಮಾತ್ರ.

ಇನ್ನೊಂದು ವಿಷಯ. ಶೂ ಬಿಚ್ಚಿದ ಮಾತ್ರಕ್ಕೆ ಇಳಿತ ಬದಲಾಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಕೀನ್ಯಾದ ದಾಸನಾಚ್ ಜನ ಹುಟ್ಟಿನಿಂದ ಬರಿಗಾಲಲ್ಲೇ ನಡೆಯೋರು. 2013ರ ಒಂದು ಅಧ್ಯಯನದಲ್ಲಿ ನಿಧಾನದ ಓಟದಲ್ಲಿ ಅವರಲ್ಲೂ ಹೆಚ್ಚಿನವರು ಹಿಮ್ಮಡಿಯಲ್ಲೇ ಇಳಿದರು. ತೆಳು ಶೂ ಹಾಕಿಯೂ ಹಳೇ ಚಾಳಿಯಂತೆ ಹಿಮ್ಮಡಿ ಕುಟ್ಟಿದರೆ ಮೆತ್ತೆಯೂ ಇಲ್ಲ, ಒಳ್ಳೆ ಇಳಿತವೂ ಇಲ್ಲ.

ಈಗ ಮಾಡಬೇಕಾದ್ದು ದುಡ್ಡಿಲ್ಲದ ಕೆಲಸ. ಮಾಮೂಲಿ ವೇಗದಲ್ಲಿ ಓಡ್ತಾ ಬಲಗಾಲು ನೆಲಕ್ಕೆ ಬೀಳೋದನ್ನ 30 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. 40 ಬಂದರೆ ನಿಮಿಷಕ್ಕೆ 160 ಹೆಜ್ಜೆ. ಅದನ್ನ ಶೇ. 5ರಷ್ಟು ಏರಿಸಿ, ಅಂದ್ರೆ 168. ಬಲಗಾಲಿಗೆ 40ರ ಬದಲು 42. ಫೋನಿನ ಮೆಟ್ರೊನೋಮ್ (ತಾಳ ಬಡಿಯೋ ಆ್ಯಪ್) ಹಾಕ್ಕೊಂಡು ಒಂದೊಂದು ಓಟದಲ್ಲೂ ಐದೈದು ನಿಮಿಷದ ಎರಡು ತುಂಡು ಸಾಕು. ವೇಗ ಏರಿಸಬೇಡಿ, ಹೆಜ್ಜೆ ಗಿಡ್ಡ ಮಾಡಿ. ಮಂಡಿಗೆ ಸಿಗೋ ಲಾಭದಲ್ಲಿ ಒಳ್ಳೇ ಪಾಲು ಶೂ ಬದಲಾಯಿಸದೇ ಇಷ್ಟರಲ್ಲೇ ಸಿಗುತ್ತೆ. 10ಕೆ ಹಳೇ ಶೂನಲ್ಲೇ ಮುಗಿಸಿ.

---

ಬರಿಗಾಲ ಬೈರಾಗಿ:

ಲೆಕ್ಕಾಚಾರ್ರೇ, ನೀವು ಹೇಳಿದ ಅಧ್ಯಯನ ತೆಳು ಶೂದು, ಬರಿಗಾಲಿನದ್ದಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ತೆಳು ಶೂನಲ್ಲಿ ಚರ್ಮಕ್ಕೆ ಉರಿ ಇರಲ್ಲ, ಹಾಗಾಗಿ ಮೊದಲ ದಿನವೇ 5 ಕಿ.ಮೀ. ಎಳೆದುಬಿಡ್ತಾರೆ. ಬರಿಗಾಲಲ್ಲಿ ಮೂಳೆಗೆ ಏಟಾಗೋ ಮೊದಲೇ ಅಂಗಾಲು ಕೂಗುತ್ತೆ. ಅದಕ್ಕೇ ನನ್ನ ಪ್ರಕಾರ ಬರಿಗಾಲು ಮೊದಲು, ತೆಳು ಶೂ ಆಮೇಲೆ.

10ಕೆ ಮುಗಿದ ಮೇಲೆ ಹೀಗೆ ಶುರು ಮಾಡಿ. ಮೊದಲ ಮೂರು ವಾರ ಬರಿಗಾಲಲ್ಲಿ ಓಟವೇ ಇಲ್ಲ. ದಿನಾ ಅರ್ಧ ಗಂಟೆ ಮನೆಯೊಳಗೆ, ಟೆರೇಸ್ ಮೇಲೆ ಬರಿಗಾಲ ನಡಿಗೆ. ಗೋಡೆಗೆ ಬೆರಳು ತಾಗಿಸಿ ಒಂಟಿಗಾಲಲ್ಲಿ ಹಿಮ್ಮಡಿ ಎತ್ತಿ ಇಳಿಸೋದು. ತಡೆಯದೆ 20 ಸಲ ಆಗದಿದ್ದರೆ ಓಟಕ್ಕೆ ಇಳೀಬೇಡಿ. ಬೆರಳು ಮಡಚದೆ ಹೆಬ್ಬೆರಳ ಬುಡವನ್ನ ಹಿಮ್ಮಡಿ ಕಡೆ ಎಳೆದು ಪಾದದ ಕಮಾನು ಎತ್ತೋದು, ಐದು ಸೆಕೆಂಡಿನಂತೆ ಹತ್ತು ಸಲ.

ಆಮೇಲೆ 400 ಮೀಟರ್, ವಾರಕ್ಕೆ ಮೂರು ಸಲ, ಒಂದು ದಿನ ಬಿಟ್ಟು ಒಂದು ದಿನ. ಮಾಮೂಲಿ ಓಟಕ್ಕೆ ಮೊದಲು, ಕಾಲು ತಾಜಾ ಇರುವಾಗ. ವಾರಕ್ಕೆ 200 ಮೀಟರ್ ಏರಿಸಿ, ಪ್ರತಿ ನಾಲ್ಕನೇ ವಾರ ಏರಿಸದೆ ಅಲ್ಲೇ ನಿಲ್ಲಿ. ಬರಿಗಾಲ ಓಟ ಶುರುವಾದ ಹತ್ತನೇ ವಾರಕ್ಕೆ 1.8 ಕಿ.ಮೀ. ಆಗುತ್ತೆ. ಎಷ್ಟು ಬರಿಗಾಲು ಓಡಿದಿರೋ ಅಷ್ಟನ್ನ ಶೂ ಓಟದಿಂದ ಕಳೀರಿ.

ಹುಲ್ಲಿನ ಮೇಲೆ ಶುರು ಮಾಡಿ ಅಂತ ಎಲ್ಲರೂ ಹೇಳ್ತಾರೆ, ಅದು ತಪ್ಪು. ಹುಲ್ಲು ಗಾಜನ್ನೂ ಮುಚ್ಚುತ್ತೆ, ಕೆಟ್ಟ ಇಳಿತವನ್ನೂ ಮುಚ್ಚುತ್ತೆ. ನುಣುಪಾದ ಕಾಂಕ್ರೀಟ್ ಒಳ್ಳೇ ಮೇಷ್ಟ್ರು. "ಪಟ್ ಪಟ್" ಸದ್ದು ಬರ್ತಿದ್ದರೆ ಪಾದ ಬಡೀತಿದೆ ಅಂತ ಅರ್ಥ.

ಹೊಸಬರ ದೊಡ್ಡ ತಪ್ಪು ತುದಿಗಾಲಲ್ಲೇ ಓಡೋದು. ಮುಂಗಾಲಿನ ಹೊರ ಅಂಚು ಮೊದಲು ತಾಗಲಿ, ಆಮೇಲೆ ಹಿಮ್ಮಡಿಯೂ ನೆಲ ಮುಟ್ಟಲೇಬೇಕು. ಹಿಮ್ಮಡಿಯನ್ನ ಗಾಳಿಯಲ್ಲೇ ಹಿಡಿದಿಟ್ಟರೆ ಮಾರನೇ ದಿನ ಮೆಟ್ಟಿಲನ್ನ ಹಿಂದು ಹಿಂದಾಗಿ ಇಳೀಬೇಕಾಗುತ್ತೆ.

400 ಮೀಟರ್ ಆದ ಮೇಲೆ ಕೂತು ಅಂಗಾಲು ತಿರುಗಿಸಿ ನೋಡಿ. ಮುಂಗಾಲು, ಹಿಮ್ಮಡಿ ಎರಡೂ ಕಡೆ ಸಮವಾಗಿ ಕೆಂಪಾಗಿದ್ದರೆ ಚಿಂತೆ ಇಲ್ಲ. ಮುಂಗಾಲಿನ ನಡುವೆ ಬೊಬ್ಬೆ ಎದ್ದರೆ ಪಾದ ನೆಲದ ಮೇಲೆ ಜಾರ್ತಿದೆ, ಅಂದ್ರೆ ಕಾಲನ್ನ ಮುಂದೆ ಚಾಚಿ ಬ್ರೇಕ್ ಹಾಕ್ತಿದ್ದೀರಿ ಅಥವಾ ಹಿಂದಕ್ಕೆ ಒದ್ದು ತಳ್ತಿದ್ದೀರಿ. ಬೆರಳ ತುದಿಯಲ್ಲಿ ಬೊಬ್ಬೆ ಬಂದರೆ ಬೆರಳಲ್ಲಿ ನೆಲ ಕಚ್ತಿದ್ದೀರಿ. ಕಾಲನ್ನ ತಳ್ಳಬೇಡಿ, ಬಿಸಿ ಹೆಂಚಿನ ಮೇಲಿಂದ ಎತ್ತೋ ಹಾಗೆ ಎತ್ತಿ.

---

ಚಪ್ಪಲಿ ಅಂಗಡಿ ಕಟ್ಟೆ:

ಶೂ ತಗೊಳ್ಳೋ ವಿಷಯಕ್ಕೆ ಬರ್ತೀನಿ. ಜನ ಎರಡು ಅಳತೆ ಕಲಸಿಬಿಡ್ತಾರೆ. ಹಿಮ್ಮಡಿ, ಮುಂಗಾಲು ಸಮ ಇದ್ದರೆ ಅದು "ಝೀರೋ ಡ್ರಾಪ್". ಅಟ್ಟೆ ಎಷ್ಟು ದಪ್ಪ ಅನ್ನೋದು ಬೇರೆ ಲೆಕ್ಕ. ಝೀರೋ ಡ್ರಾಪ್ ಇದ್ದೂ 25 ಮಿ.ಮೀ. ಮೆತ್ತೆ ಇರೋ ಶೂಗಳಿವೆ. ಅಕಿಲಿಸ್‌ಗೆ ಎಳೆತ ಕೊಡೋದು ಡ್ರಾಪ್, ಮೂಳೆಗೆ ಏಟು ಕೊಡೋದು ತೆಳುತನ. ಎರಡನ್ನೂ ಒಟ್ಟಿಗೆ ಬದಲಾಯಿಸಬೇಡಿ. 10ರಿಂದ 4–6 ಮಿ.ಮೀ.ಗೆ ಇಳೀರಿ, ಕೆಲವು ತಿಂಗಳು ಅಲ್ಲೇ ಇರಿ, ಆಮೇಲೆ ಸೊನ್ನೆ.

ಅಂಗಡಿಯಲ್ಲಿ ಇನ್‌ಸೋಲ್ ಹೊರಗೆಳೆದು ನೆಲದ ಮೇಲಿಟ್ಟು ಅದರ ಮೇಲೆ ನಿಂತ್ಕೊಳ್ಳಿ. ಕಿರುಬೆರಳು ಅಂಚು ದಾಟಿದರೆ ಆ ಶೂ ಬೇಡ. ಮುಂದೆ ಹೆಬ್ಬೆಟ್ಟಿನ ಅಗಲ ಜಾಗ ಇರಲಿ. ಸಂಜೆ ಹೊತ್ತಲ್ಲಿ ಹೋಗಿ, ಪಾದ ಸ್ವಲ್ಪ ಉಬ್ಬಿರುತ್ತೆ.

ಸ್ಕೂಲಿನ ಬಿಳಿ ಕ್ಯಾನ್ವಾಸ್ ಪಿ.ಟಿ. ಶೂ ಸಾಲಲ್ವಾ ಅಂತ ಕೇಳೋರಿದ್ದಾರೆ. ಅಟ್ಟೆ ತೆಳು, ಚಪ್ಪಟೆ, ಸರಿ. ಆದರೆ ಮೂತಿ ಕಿರಿದು, ಬೆರಳು ಹರಡಲ್ಲ. ನಡಿಗೆ ಅಭ್ಯಾಸಕ್ಕೆ ಆಗುತ್ತೆ, ಅಷ್ಟೇ. ಹವಾಯಿ ಚಪ್ಪಲಿಯಲ್ಲಿ ಓಡಲೇಬೇಡಿ, ಅದನ್ನ ಬೆರಳಲ್ಲಿ ಹಿಡಿದಿಟ್ಟೇ ಇಡೀ ಪಾದ ದಣಿಯುತ್ತೆ. ಐದು ಬೆರಳಿನ ಶೂ ಎಲ್ಲರ ಪಾದಕ್ಕೂ ಕೂರಲ್ಲ. ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ ಇದ್ದರೆ ತುದಿಗೆ ಒತ್ತುತ್ತೆ, ಹಾಕ್ಕೊಳ್ಳದೆ ತಗೋಬೇಡಿ. (ನಾತದ ಬಗ್ಗೆ ಮನೆಯವರೇ ಹೇಳ್ತಾರೆ.)

ಡಬ್ಬದ ಮೇಲೆ ಬರೆದದ್ದನ್ನ ನಂಬಬೇಡಿ. ಪಾದ ಬಲವಾಗುತ್ತೆ, ಗಾಯ ಕಮ್ಮಿಯಾಗುತ್ತೆ ಅಂತ ಜಾಹೀರಾತು ಕೊಟ್ಟ, ಐದು ಬೆರಳಿನ ಶೂ ಮಾಡೋ ವಿಬ್ರಮ್ ಕಂಪನಿ ಗ್ರಾಹಕರು ಹಾಕಿದ ಕೇಸಿನಲ್ಲಿ 2014ರಲ್ಲಿ ಅಮೆರಿಕದಲ್ಲಿ 37.5 ಲಕ್ಷ ಡಾಲರ್‌ಗೆ ರಾಜಿ ಮಾಡ್ಕೊಂಡಿತು. ತಪ್ಪು ಒಪ್ಪಿಕೊಳ್ಳಲಿಲ್ಲ, ಅದೂ ನಿಜ.

ಬೇಗ ಓಡೋಕೆ ಅಂತ ಶೂ ಬಿಡೋರಿಗೊಂದು ಮಾತು. ಒಂದೊಂದು ಶೂನಲ್ಲಿ 100 ಗ್ರಾಂ ಹೆಚ್ಚಿದರೆ ಸುಮಾರು ಶೇ. 1ರಷ್ಟು ಹೆಚ್ಚು ಆಮ್ಲಜನಕ ಖರ್ಚು. ಹಗುರ ಒಳ್ಳೇದೇ, ಆದರೆ ಮೆತ್ತೆ ಮಾಡ್ತಿದ್ದ ಕೆಲಸವನ್ನ ಸ್ನಾಯು ಮಾಡಬೇಕಾಗಿ ಬಂದು ಆ ಲಾಭದಲ್ಲಿ ಒಂದಿಷ್ಟು ಅಲ್ಲೇ ಕರಗುತ್ತೆ. ಇಥಿಯೋಪಿಯಾದ ಓಟಗಾರ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನ ಬರಿಗಾಲಲ್ಲಿ 2 ಗಂಟೆ 15 ನಿಮಿಷದಲ್ಲಿ ಗೆದ್ದದ್ದು ಎಲ್ಲರಿಗೂ ನೆನಪಿದೆ. 1964ರಲ್ಲಿ ಟೋಕಿಯೊದಲ್ಲಿ ಅದೇ ಮನುಷ್ಯ ಶೂ ಹಾಕಿ 2 ಗಂಟೆ 12 ನಿಮಿಷದಲ್ಲಿ ಗೆದ್ದದ್ದನ್ನ ಯಾರೂ ಹೇಳಲ್ಲ.

---

ಅಂಗಾಲು ಡಾಕ್ಟ್ರು:

ಯಾರು ಓಡಬಾರದು ಅನ್ನೋದು ಇನ್ನೂ ಬಂದಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದಕ್ಕೆ ಸ್ಪರ್ಶ ಕಮ್ಮಿಯಾದವರು ಬರಿಗಾಲ ಹತ್ತಿರವೂ ಹೋಗಬಾರದು. ಬೈರಾಗಿಗಳು ಹೇಳಿದ "ಅಂಗಾಲು ಕೂಗುತ್ತೆ" ಅನ್ನೋ ಕಾವಲೇ ಅವರಿಗಿಲ್ಲ, ಮುಳ್ಳು ಹೊಕ್ಕಿದ್ದು ಕೀವಾದ ಮೇಲೆ ಗೊತ್ತಾಗುತ್ತೆ. ಹಿಂದೆ ಸ್ಟ್ರೆಸ್ ಫ್ರ್ಯಾಕ್ಚರ್ (ಮತ್ತೆ ಮತ್ತೆ ಹೊರೆ ಬಿದ್ದು ಮೂಳೆಯಲ್ಲಿ ಆಗೋ ಕೂದಲೆಳೆ ಬಿರುಕು) ಆದವರು, ಮೂಳೆ ಸವೆತ ಇರೋರು, ಅಕಿಲಿಸ್ ನೋವಿರೋರು, ಹೆಬ್ಬೆರಳ ಕೀಲು ಬಿಗಿದವರು ಕೇಳದೆ ಶುರು ಮಾಡಬೇಡಿ. ಟಿ.ಟಿ. (ಧನುರ್ವಾಯು) ಇಂಜೆಕ್ಷನ್ ಆಗಿ ಹತ್ತು ವರ್ಷ ದಾಟಿದ್ದರೆ ಹಾಕಿಸ್ಕೊಂಡೇ ಇಳೀರಿ.

ನೋವನ್ನ ಓದೋದು ಹೀಗೆ. ಎರಡೂ ಮೀನಖಂಡ ಅಗಲಕ್ಕೆ ನೋಯ್ತಿದ್ದು ಎರಡು ಮೂರು ದಿನಕ್ಕೆ ಇಳಿದರೆ ಮಾಮೂಲಿ. ಬೆಳಿಗ್ಗೆ ಹಾಸಿಗೆಯಿಂದ ಇಳಿದಾಗ ಅಕಿಲಿಸ್ ಬಿಗಿಯಾಗಿದ್ದು, ದಿನದಿಂದ ದಿನಕ್ಕೆ ಆ ಬಿಗಿತ ಹೆಚ್ಚುತ್ತಿದ್ದರೆ ದೂರ ಅರ್ಧಕ್ಕಿಳಿಸಿ. ಪಾದದ ಮೇಲ್ಭಾಗದಲ್ಲಿ, ಎರಡನೇ ಅಥವಾ ಮೂರನೇ ಬೆರಳಿನ ಹಿಂದೆ, ಒಂದೇ ಬೆರಳಲ್ಲಿ ಒತ್ತಿ ತೋರಿಸಬಹುದಾದ ನೋವು ಬಂದರೆ ಅವತ್ತೇ ಓಟ ನಿಲ್ಲಿಸಿ. ಎಕ್ಸ್‌ರೇ ಸರಿ ಇದೆ ಅಂತ ಮತ್ತೆ ಓಡಬೇಡಿ. ಕೂದಲೆಳೆ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದಿರಬಹುದು, ಎಂಆರ್‌ಐ ಬೇಕಾಗುತ್ತೆ.

ನೆಲದ ವಿಚಾರ: ಡಾಂಬರಿನ ಮೇಲೆ ಅಂಗೈ ಐದು ಸೆಕೆಂಡು ಇಡಲಾಗದಿದ್ದರೆ ಅಂಗಾಲೂ ಬೇಡ. ದೀಪಾವಳಿ ಆದ ಮೇಲೆ ಒಂದು ವಾರ ರಸ್ತೆ ತುಂಬ ಸುರ್‌ಸುರ್ ಬತ್ತಿ ತಂತಿ, ಗಣೇಶನ ಪೆಂಡಾಲ್ ಕಿತ್ತ ಜಾಗದಲ್ಲಿ ಮೊಳೆ. ಬಯಲುಸೀಮೆಯಲ್ಲಿ ನೆಗ್ಗಿಲು ಮುಳ್ಳು, ಬಳ್ಳಾರಿ ಜಾಲಿ. ಜಾಲಿ ಮುಳ್ಳು ತೆಳು ಅಟ್ಟೆಯನ್ನೂ ತೂರಿ ಬರುತ್ತೆ, ಅಲ್ಲಿ ದಪ್ಪ ಶೂನೇ ಸರಿ. ಇನ್ನು ಕಂಬಳದವರು ಬರಿಗಾಲಲ್ಲಿ ಓಡಲ್ವಾ ಅಂತ ಕೇಳಬೇಡಿ. ಅದು ನೀರು ನಿಂತ ಕೆಸರು, ಓಟ ಮುಗಿಯೋದು ಕೆಲವೇ ಸೆಕೆಂಡಲ್ಲಿ.

---

ಮೊಳಕಾಲ್ಮೂರು ಎಕ್ಸ್‌ಪ್ರೆಸ್:

ಎಲ್ಲರಿಗೂ ಧನ್ಯವಾದ. ಸದ್ಯಕ್ಕೆ 168ರ ಲೆಕ್ಕ ಮಾತ್ರ ಹಿಡೀತೀನಿ. ಎರಡು ಸಣ್ಣ ಪ್ರಶ್ನೆ: ನನ್ನದು ಚಪ್ಪಟೆ ಪಾದ, ತೊಂದರೆಯಾ? ಮಳೆಗಾಲದಲ್ಲಿ ಟ್ರೆಡ್‌ಮಿಲ್ ಮೇಲೆ ಬರಿಗಾಲು ನಡೆಯುತ್ತಾ?

---

ಅಂಗಾಲು ಡಾಕ್ಟ್ರು:

ತುದಿಗಾಲಲ್ಲಿ ನಿಂತು ಯಾರಾದ್ರೂ ಹಿಂದಿನಿಂದ ಫೋಟೊ ತೆಗೀಲಿ. ಆಗ ಕಮಾನು ಎದ್ದು ಹಿಮ್ಮಡಿ ಒಳಕ್ಕೆ ವಾಲಿದರೆ ಅದು ಬಳುಕುವ ಪಾದ, ನಿಧಾನವಾಗಿ ಶುರು ಮಾಡಬಹುದು. ತುದಿಗಾಲಲ್ಲೂ ಚಪ್ಪಟೆಯೇ ಇದ್ದರೆ ಮೊದಲು ತೋರಿಸಿ.

---

ಬರಿಗಾಲ ಬೈರಾಗಿ:

ಟ್ರೆಡ್‌ಮಿಲ್ ಬೆಲ್ಟ್ ಬಿಸಿಯಾಗುತ್ತೆ, ಮೇಲ್ಮೈ ಉಪ್ಪುಕಾಗದದ ಹಾಗೆ, ಐದು ನಿಮಿಷಕ್ಕಿಂತ ಹೆಚ್ಚಾದರೆ ಬೊಬ್ಬೆ ಗ್ಯಾರಂಟಿ. ಸಾಕ್ಸ್ ಹಾಕ್ಕೊಂಡು ಹತ್ತಬೇಡಿ, ಜಾರುತ್ತೆ. ಸೇಫ್ಟಿ ಕ್ಲಿಪ್ ಬಟ್ಟೆಗೆ ಸಿಗಿಸ್ಕೊಳ್ಳಿ. ಅದಕ್ಕಿಂತ ಪಾರ್ಕಿಂಗ್ ಜಾಗದ ಕಾಂಕ್ರೀಟ್ ಒಣಗಿದ್ದರೆ ಅಲ್ಲೇ ಓಡಿ, ಮೊದಲು ಒಂದ್ಸಲ ಪೊರಕೆ ಹಾಕಿ.