ಅಂಬಾಸಿಡರ್‌ಗೆ 7 ಇಂಚು ಅಗಲದ ಅಲಾಯ್ ರಿಮ್: ಟಯರು ಉಜ್ಜುತ್ತಿದೆ, ಸ್ಟಿಯರಿಂಗ್ ನಡುಗುತ್ತಿದೆ

ಪ್ರಶ್ನೆ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನನ್ನದು 1986ರ ಅಂಬಾಸಿಡರ್ ಮಾರ್ಕ್ 4, 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಕಾರು. ತಂದೆಯವರ ಕಾಲದಿಂದ ಮನೆಯಲ್ಲಿದೆ. ಇದುವರೆಗೆ 5.90-15 ಅಳತೆಯ ಕ್ರಾಸ್ ಪ್ಲೈ (ಒಳಗಿನ ನೂಲಿನ ಪದರಗಳು ಓರೆಯಾಗಿ ಅಡ್ಡಹಾಯುವ ಹಳೆಯ ಬಗೆಯ) ಟಯರುಗಳೇ ಇದ್ದವು. ಅವು ಈಗ ಸುಲಭವಾಗಿ ಸಿಗದಿರುವುದರಿಂದಲೂ, ರಿಂಗ್ ರೋಡಿನ ತಿರುವುಗಳಲ್ಲಿ ಕಾರು ತೇಲಿದಂತೆ ವಾಲುತ್ತಿದ್ದುದರಿಂದಲೂ, ಕಳೆದ ತಿಂಗಳು 15 ಇಂಚಿನ, 7 ಇಂಚು ಅಗಲದ ಅಲಾಯ್ ರಿಮ್‌ಗಳನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು 205/65 ಆರ್ 15 ರೇಡಿಯಲ್ ಟಯರು ಹಾಕಿಸಿದೆ. ಐದೂ ಬೋಲ್ಟುಗಳು ತೂತುಗಳಲ್ಲಿ ಸಲೀಸಾಗಿ ಕೂತಿದ್ದರಿಂದ ಉಳಿದದ್ದೂ ಸರಿಯೇ ಇರುತ್ತದೆ ಎಂದು ನಂಬಿದ್ದು ನನ್ನ ತಪ್ಪು.

ಈಗ ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಚಕ್ರ ಗರಗರ ಉಜ್ಜುತ್ತದೆ. ಹಿಂದಿನ ಸೀಟಿನಲ್ಲಿ ಮೂವರು ಕೂತು ಸ್ಪೀಡ್ ಬ್ರೇಕರ್ ದಾಟಿದರೆ ಹಿಂದೆಯೂ ಅದೇ ಸದ್ದು. ವೇಗ 60 ದಾಟಿದೊಡನೆ ಸ್ಟಿಯರಿಂಗ್ ಕೈಯಲ್ಲಿ ನಡುಗುತ್ತದೆ. ಒಬ್ಬ ಮೇಸ್ತ್ರಿ ಮಡ್‌ಗಾರ್ಡಿನ ಅಂಚನ್ನು ಒಳಕ್ಕೆ ಬಡಿದು ಮಡಚೋಣ ಎನ್ನುತ್ತಾರೆ, ಇನ್ನೊಬ್ಬರು ಹಬ್ಬಿಗೂ ರಿಮ್ಮಿಗೂ ನಡುವೆ 20 ಮಿ.ಮೀ. ದಪ್ಪದ ಸ್ಪೇಸರ್ ಬಿಲ್ಲೆ ಹಾಕೋಣ ಎನ್ನುತ್ತಾರೆ. ಹಳೆಯ ತಗಡಿಗೆ ಸುತ್ತಿಗೆ ಬೀಳುವ ಮೊದಲು ತಮ್ಮನ್ನು ಕೇಳುತ್ತಿದ್ದೇನೆ.

ಉತ್ತರ (ಬೀದರ್)

ಸರ್, ದಯವಿಟ್ಟು ಸುತ್ತಿಗೆಯನ್ನು ಕೆಳಗಿಡಿಸಿ. ಟಯರು ಎಲ್ಲಿ ಉಜ್ಜುತ್ತಿದೆ ಎಂಬುದನ್ನು ತಾವೂ ಹೇಳಿಲ್ಲ, ಮೇಸ್ತ್ರಿಯವರೂ ನೋಡಿದಂತಿಲ್ಲ. ಸೀಮೆಸುಣ್ಣವನ್ನು ನೀರಿನಲ್ಲಿ ಕಲಸಿ ಟಯರಿನ ಒಳ ಭುಜಕ್ಕೂ ಹೊರ ಭುಜಕ್ಕೂ ಬಳಿದು, ಒಣಗಿದ ಮೇಲೆ ಜನರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ. ಬಿಳಿ ಅಳಿಸಿದ ಜಾಗವೇ ಉತ್ತರ.

ಆಮೇಲೆ ಹಳೆಯ ಮತ್ತು ಹೊಸ ರಿಮ್‌ಗಳ ಹಿಂಬದಿಯ ಆಳ ಅಳೆಯಿರಿ. ಮುಖ ಕೆಳಗಾಗಿ ಮಲಗಿಸಿ, ಒಳ ಅಂಚಿನ ಮೇಲೆ ನೇರವಾದ ಪಟ್ಟಿಯೊಂದನ್ನು ಅಡ್ಡ ಇಟ್ಟು, ಅಲ್ಲಿಂದ ಹಬ್‌ಗೆ (ಚಕ್ರ ಕೂರುವ ನಡುವಿನ ಗುಂಭಕ್ಕೆ) ತಾಗುವ ಮುಖದವರೆಗೆ ಸ್ಕೇಲ್ ಇಳಿಸಿದರೆ ಸಾಕು. ಬೋಲ್ಟುಗಳ ವೃತ್ತವನ್ನೂ ಒಮ್ಮೆ ಖಚಿತಪಡಿಸಿಕೊಳ್ಳಿ: ಐದು ತೂತಿನ ರಿಮ್‌ನಲ್ಲಿ ಒಂದು ತೂತು ಬಿಟ್ಟು ಮುಂದಿನದಕ್ಕೆ ಕೇಂದ್ರದಿಂದ ಕೇಂದ್ರಕ್ಕೆ ಬರುವ ದೂರವನ್ನು 1.0515ರಿಂದ ಗುಣಿಸಿದರೆ ವೃತ್ತದ ವ್ಯಾಸ ಸಿಗುತ್ತದೆ.

ಪ್ರಶ್ನೆ ಕೇಳಿದವರು

ಅಂಗಳದ ಶಹಾಬಾದ್ ಕಲ್ಲಿನ ಹಾಸು ಇಂಥ ಅಳತೆಗೆಂದೇ ಹಾಸಿದಷ್ಟು ಸಮತಟ್ಟಾಗಿದೆ, ಅದರ ಮೇಲೆಯೇ ಮಲಗಿಸಿ ಅಳೆದೆ. ಬೋಲ್ಟುಗಳ ನಡುವೆ 108.7 ಬಂತು, ಅಂದರೆ ವೃತ್ತ 114.3 ಮಿ.ಮೀ.; ಎರಡಕ್ಕೂ ಒಂದೇ. ಹಳೆಯ ಕಬ್ಬಿಣದ ರಿಮ್ಮಿನ ಹಿಂಬದಿಯ ಆಳ 95, ಅಂಚಿನಿಂದ ಅಂಚಿಗೆ ಒಟ್ಟು ಅಗಲ 140. ಹೊಸದರ ಆಳ 137, ಒಟ್ಟು ಅಗಲ 203 (7 ಇಂಚು ಎಂಬುದು ಟಯರು ಕೂರುವ ಜಾಗದ ಅಗಲ ಮಾತ್ರ). ಅದರ ಮೇಲೆ ಇಟಿ 35 ಎಂದು ಅಚ್ಚಾಗಿದೆ, ಅಂದರೆ ಹಬ್‌ಗೆ ತಾಗುವ ಮುಖ ರಿಮ್ಮಿನ ಅಗಲದ ನಟ್ಟನಡುವಿನಿಂದ 35 ಮಿ.ಮೀ. ಹೊರಕ್ಕಿದೆ.

ಸುಣ್ಣ ನಾಲ್ಕೂ ಟಯರುಗಳ ಒಳಭಾಗದಲ್ಲಿ ಮಾತ್ರ ಅಳಿಸಿದೆ. ಹಿಂದೆ ಪಾಟಾದ (ಲೀಫ್ ಸ್ಪ್ರಿಂಗ್ ಪಟ್ಟಿಯ) ಅಂಚಿನಲ್ಲಿ ರಬ್ಬರಿನ ಕರಿ ಪುಡಿ ಕೂತಿದೆ. ಮಡ್‌ಗಾರ್ಡಿನ ಹೊರ ಅಂಚಿನ ಧೂಳು ಸಹ ಕದಲಿಲ್ಲ.

ಉತ್ತರ (ಬೀದರ್)

ಹಾಗಿದ್ದರೆ ಮಡ್‌ಗಾರ್ಡಿನ ಅಂಚು ಮಡಚಿದ್ದರೆ ಬಣ್ಣ ಹೋಗುತ್ತಿತ್ತೇ ಹೊರತು ಸದ್ದು ಹೋಗುತ್ತಿರಲಿಲ್ಲ. ತಮ್ಮ ಅಳತೆಯ ಪ್ರಕಾರ ಹೊಸ ರಿಮ್ ಹಳೆಯದಕ್ಕಿಂತ ಒಳಕ್ಕೆ 42 ಮಿ.ಮೀ., ಹೊರಕ್ಕೆ 21 ಮಿ.ಮೀ. ಚಾಚಿಕೊಂಡಿದೆ. ಅಂದರೆ ಹೆಚ್ಚಾದ ಅಗಲದ ಮೂರರಲ್ಲಿ ಎರಡು ಪಾಲು ಜಾಗವಿಲ್ಲದ ಕಡೆಗೇ ಹೋಗಿದೆ.

20 ಮಿ.ಮೀ. ಸ್ಪೇಸರ್ ಹಾಕಿದರೆ ಒಳಗೆ ಸಂದು ಸಿಗುವುದು ನಿಜ. ಆದರೆ ಅಷ್ಟು ದಪ್ಪದ ಬಿಲ್ಲೆ ನಡುವೆ ಕೂತಾಗ ಹಳೆಯ ಬೋಲ್ಟಿನ ಮೇಲೆ ನಟ್ ಹಿಡಿಯಲು ಸಾಕಷ್ಟು ತಿರುಪಿನ ಎಳೆ ಉಳಿಯುವುದಿಲ್ಲ. ಬೋಲ್ಟಿನ ದಪ್ಪದಷ್ಟಾದರೂ ಉದ್ದ ನಟ್ಟಿನೊಳಗೆ ಹೋಗಿರಬೇಕು. ಮೇಲಾಗಿ ಚಕ್ರ ಹೊರಕ್ಕೆ ಸರಿದಷ್ಟೂ ಬೇರಿಂಗ್ ಮೇಲಿನ ಒತ್ತಡ ಹೆಚ್ಚುತ್ತದೆ, ಗುಂಡಿಗೆ ಬಿದ್ದಾಗ ಸ್ಟಿಯರಿಂಗ್ ಕೈಯನ್ನು ಎಳೆಯುತ್ತದೆ.

ನನ್ನ ಅಭಿಪ್ರಾಯದಲ್ಲಿ ಈ ರಿಮ್ ಮಾರಿ, ಅದೇ ವೃತ್ತದ 6 ಇಂಚು ಅಗಲದ, ಇಟಿ 20ರ ಆಸುಪಾಸಿನ ರಿಮ್ ಹುಡುಕುವುದು ಒಳ್ಳೆಯದು. ಟಯರು ಇದೇ ನಡೆಯುತ್ತದೆ. ಟಯರಿನ ಉಬ್ಬನ್ನೂ ಸೇರಿಸಿದರೆ ಅದು ಹಳೆಯದಕ್ಕಿಂತ ಒಳಕ್ಕೆ ಸುಮಾರು 22, ಹೊರಕ್ಕೆ ಸುಮಾರು 32 ಮಿ.ಮೀ. ಬರುತ್ತದೆ. ಕೊಳ್ಳುವ ಮುಂಚೆ ಹಳೆಯ ಚಕ್ರ ಹಾಕಿ, ಮಡ್‌ಗಾರ್ಡಿನ ಅಂಚಿನಿಂದ ದಾರಕ್ಕೆ ನಟ್ ಕಟ್ಟಿ ಇಳಿಬಿಟ್ಟು, ಟಯರಿಗೂ ದಾರಕ್ಕೂ ಇರುವ ಸಂದನ್ನು ಅಳೆದುಕೊಳ್ಳಿ.

ಉತ್ತರ (ಯಾದಗಿರಿ)

ನಡುಕದ ಬಗ್ಗೆ ಯಾರೂ ಮಾತಾಡಿಲ್ಲ. ತಾವು ಹಳೆಯ ನಟ್‌ಗಳನ್ನೇ ಬಳಸಿದ್ದೀರಾ? ಕಬ್ಬಿಣದ ರಿಮ್‌ನ ನಟ್ಟಿನ ಮೂತಿ ಶಂಕುವಿನಂತೆ ಇಳಿಜಾರಾಗಿರುತ್ತದೆ. ಟೊಯೊಟಾದಂಥ ಕೆಲವು ಅಲಾಯ್‌ಗಳಿಗೆ ಚಪ್ಪಟೆ ವಾಷರ್ ಇರುವ ಉದ್ದ ಕುತ್ತಿಗೆಯ ನಟ್ ಬೇಕು. ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಪಾನಾಕ್ಕೆ ಬಿಗಿಯಾದಂತೆ ಅನಿಸಿದರೂ ತೂತಿನ ಬಾಯಿಯನ್ನಷ್ಟೇ ಹಿಡಿದಿರುತ್ತದೆ, ಚಕ್ರ ನಡುವಿನಲ್ಲಿ ಕೂರುವುದಿಲ್ಲ. ಇದು ನಡುಕಕ್ಕಿಂತ ದೊಡ್ಡ ಅಪಾಯ, ಇಂದೇ ನೋಡಿ. ರಿಮ್ಮಿನ ನಡುವಿನ ತೂತು ಹಬ್ಬಿಗಿಂತ ದೊಡ್ಡದಿದ್ದರೆ ಲೇತ್‌ನಲ್ಲಿ ಸರಿಯಾದ ಉಂಗುರ ಮಾಡಿಸಿ.

ಸಂದು ಬಿಡುವಾಗ ನಮ್ಮ ಎರಿ ಮಣ್ಣನ್ನೂ ನೆನಪಿಡಿ. ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿದರೆ ಅದು ಟಯರಿಗೆ ಪದರ ಪದರವಾಗಿ ಮೆತ್ತಿಕೊಳ್ಳುತ್ತದೆ, 10 ಮಿ.ಮೀ. ಸಂದು ಅರ್ಧ ಫರ್ಲಾಂಗಿನಲ್ಲಿ ಮುಚ್ಚಿಹೋಗುತ್ತದೆ. ಹಳೆಯ ಸ್ಟೆಪ್ನಿ ಕ್ರಾಸ್ ಪ್ಲೈ ಆಗಿದ್ದರೆ ಅದನ್ನೂ ಬದಲಿಸಿ, ಒಂದೇ ಆಕ್ಸಲ್ಲಿಗೆ ಎರಡು ಜಾತಿಯ ಟಯರು ಬೇಡ.

ಇನ್ನೊಂದು ವಿಷಯ: ತಯಾರಕರ ಮೂಲ ವಿವರಕ್ಕೆ ಭಿನ್ನವಾಗುವಂತೆ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ನಿರ್ಬಂಧಿಸುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ನೋಂದಣಿ ನವೀಕರಣಕ್ಕೆ ಹೋಗುವ ಮುನ್ನ ಆರ್‌ಟಿಒದಲ್ಲಿ ವಿಚಾರಿಸಿ. ಹಳೆಯ ಐದು ರಿಮ್‌ಗಳನ್ನು ಮಾತ್ರ ಗುಜರಿಗೆ ಹಾಕಬೇಡಿ.

ಪ್ರಶ್ನೆ ಕೇಳಿದವರು (ಮೂರು ವಾರಗಳ ನಂತರ)

ನಟ್ ತಪ್ಪೇ ಆಗಿತ್ತು. ಬಿಚ್ಚಿ ನೋಡಿದಾಗ ಅಲಾಯ್‌ನ ತೂತಿನ ಬಾಯಿಯಲ್ಲಿ ಉಗುರಿನಿಂದ ಗೀರಿದಂತೆ ಹೊಳೆಯುವ ಗೆರೆ ಸುತ್ತಿಕೊಂಡಿತ್ತು. ಅಂದೇ ಹಳೆಯ ಚಕ್ರಗಳಿಗೆ ಮರಳಿ, ಸಂದು ಅಳೆದೆ: ಪಾಟಾದ ಕಡೆ 45, ಹೊರಗಡೆ 52. ಇಟಿ 20ರ 6 ಇಂಚಿನ ರಿಮ್‌ಗಳು ಹೈದರಾಬಾದಿನಲ್ಲಿ ಸಿಕ್ಕವು. ನಟ್‌ಗಳನ್ನು ಹೊಸದಾಗಿ ಕೊಂಡು, ನೂರು ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿದೆ.

ಐವರು ಕೂತು ಗಾಣಗಾಪುರಕ್ಕೆ ಹೋಗಿ ಬಂದೆವು. ಸದ್ದೂ ಇಲ್ಲ, 80ರ ವೇಗದಲ್ಲಿ ನಡುಕವೂ ಇಲ್ಲ. ಹೊಸ ಟಯರು ಸ್ವಲ್ಪ ಗಿಡ್ಡವಾದ್ದರಿಂದ ಒಂದು ಸುತ್ತಿಗೆ 2.05 ಮೀಟರಿನ ಬದಲು 1.98 ಮೀಟರ್ ಉರುಳುತ್ತದೆ, ಹೀಗಾಗಿ ಮೀಟರಿನ 60 ನಿಜದಲ್ಲಿ 58. ನಿಲ್ಲಿಸುವಾಗ ಸ್ಟಿಯರಿಂಗ್ ಮೊದಲಿಗಿಂತ ಭಾರವಾಗಿದೆ. ಅಗಲದ ಸ್ಟೆಪ್ನಿ ತನ್ನ ಜಾಗದಲ್ಲಿ ಕೂರದೆ ಡಿಕ್ಕಿಯೊಳಗೆ ನೆಲದ ಮೇಲೆಯೇ ಮಲಗಿದೆ, ತೊಗರಿ ಚೀಲಕ್ಕೆ ಈಗ ಹಿಂದಿನ ಸೀಟೇ ಗತಿ.