ಊರಿನ ಓಟು ಮುಂಬಯಿಯಿಂದಲೇ ಹಾಕುವಂತಾಗಲಿ ಅಂತ ಮನವಿ ಬಂದಿದೆ, ಸಹಿ ಹಾಕಬೇಕಾ?

ಬೈಂದೂರು_ಸಾಕಿನಾಕಾ:
ಎಲ್ಲರಿಗೂ ನಮಸ್ಕಾರ. ನಾನು ಸಾಕಿನಾಕಾದಲ್ಲಿ ಒಂದು ಹೋಟೆಲಿನ ಮ್ಯಾನೇಜರ್. ಅಡುಗೆಮನೆಯಿಂದ ಗಲ್ಲಾವರೆಗೆ ಹೆಚ್ಚಿನವರು ನಮ್ಮ ಕಡೆಯವರೇ, ಬೈಂದೂರು, ಕುಂದಾಪುರ, ಕಾರ್ಕಳ. ಎಲ್ಲರ ಹೆಸರೂ ಊರಿನ ಮತದಾರರ ಪಟ್ಟಿಯಲ್ಲಿದೆ, ಓಟು ಹಾಕುವವರು ಮಾತ್ರ ಇಲ್ಲ. 2024ರ ಲೋಕಸಭೆಗೆ ಬೈಂದೂರಲ್ಲಿ ಮೇ 7ಕ್ಕೆ ಮತದಾನ. ಮೇ ತಿಂಗಳಲ್ಲಿ ಮತ್ಸ್ಯಗಂಧ ರೈಲಿಗೆ ಟಿಕೆಟ್ ಎಲ್ಲಿ ಸಿಗುತ್ತದೆ ಹೇಳಿ. ಸಿಕ್ಕಿದರೂ ಒಂದು ರಾತ್ರಿ ಹೋಗುವುದಕ್ಕೆ, ಒಂದು ರಾತ್ರಿ ಬರುವುದಕ್ಕೆ, ನಡುವೆ ಓಟಿನ ದಿನ, ಅಷ್ಟು ದಿನ ತವಾದ ಮುಂದೆ ನಿಲ್ಲುವವರು ಯಾರು ಅಂತ ಧಣಿ ಕೇಳುತ್ತಾರೆ.

ಈಗ ವಾಟ್ಸಾಪಿನಲ್ಲಿ ಒಂದು ಮನವಿ ಓಡಾಡುತ್ತಿದೆ. ದುಡಿಯಲು ಬಂದವರಿಗೆ ಇರುವ ಜಾಗದಿಂದಲೇ ಊರಿನ ಓಟು ಹಾಕುವಂತೆ ಕಾನೂನು ಮಾಡಿ ಅಂತ. ಸಹಿ ಹಾಕಿದರೆ ಊರಿನ ಪಟ್ಟಿಯಿಂದ ಹೆಸರು ಕಿತ್ತುಹಾಕುತ್ತಾರೆ ಅಂತ ಯಾರೋ ನಮ್ಮ ಹುಡುಗರ ತಲೆಗೆ ತುಂಬಿಸಿದ್ದಾರೆ. ಅದು ನಿಜವಾ? ಸುಮ್ನೆ ಸಹಿ ಹಾಕಿ ಏನಾದರೂ ಪ್ರಯೋಜನ ಇದೆಯಾ?

ಮಾಟುಂಗಾದ_ರಾಯರು:
ಹೆದರಬೇಡಿ ಮಾರಾಯ್ರೆ, ಮನವಿಗೆ ಸಹಿ ಹಾಕಿದ ಮಾತ್ರಕ್ಕೆ ಯಾರ ಹೆಸರೂ ಹೋಗುವುದಿಲ್ಲ. ಊರು ಬಿಟ್ಟಿದ್ದಾರೆ ಅಂತ ಹೆಸರು ತೆಗೆಯಬೇಕಾದರೆ ಮೊದಲು ಆ ಮನುಷ್ಯನಿಗೆ ತನ್ನ ಮಾತು ಹೇಳಲು ಅವಕಾಶ ಕೊಡಬೇಕು ಅಂತ ಕಾನೂನಿನಲ್ಲೇ ಇದೆ.

ಇದು ಹೊಸ ಮಾತೂ ಅಲ್ಲ. 2022ರ ಡಿಸೆಂಬರಿನಲ್ಲಿ ಚುನಾವಣಾ ಆಯೋಗವೇ ಒಂದು ದೂರಮತದಾನ ಯಂತ್ರದ ಮಾದರಿ ಮಾಡಿಸಿದ್ದೇವೆ ಅಂತ ಹೇಳಿತು, ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳ ಓಟು ಹಾಕಿಸಬಹುದಾದ ಯಂತ್ರ. 2019ರ ಲೋಕಸಭೆಯಲ್ಲಿ ಸುಮಾರು 30 ಕೋಟಿ ಜನ ಓಟೇ ಹಾಕಲಿಲ್ಲ ಅನ್ನುವುದು ಅವರ ಕಾರಣ. 2023ರ ಜನವರಿ 16ಕ್ಕೆ ಪಕ್ಷಗಳನ್ನು ಕರೆದರು, ಹಲವರು ಆಕ್ಷೇಪ ಎತ್ತಿದರು, ಮುಂದಿನ ವರ್ಷದ ಲೋಕಸಭೆ ಚುನಾವಣೆಗೆ ಆ ಯಂತ್ರ ಬರಲೇ ಇಲ್ಲ. ಆಕ್ಷೇಪದಲ್ಲಿ ಹುರುಳಿಲ್ಲ ಅಂತಲ್ಲ. ಸಾಕಿನಾಕಾದ ಮತಗಟ್ಟೆಯಲ್ಲಿ ಬೈಂದೂರಿನ ಪಕ್ಷೇತರನ ಪರವಾಗಿ ಏಜೆಂಟ್ ಆಗಿ ಯಾರು ಕೂರುತ್ತಾರೆ? ದೊಡ್ಡ ಪಕ್ಷಗಳಿಗೆ ಎಲ್ಲಾ ಊರಲ್ಲೂ ಜನ ಇದ್ದಾರೆ, ಅವನಿಗೆ? ಆದರೆ ಪ್ರಶ್ನೆ ಕಷ್ಟದ್ದು ಅಂತ ಕಡತವನ್ನೇ ಕಟ್ಟಿಟ್ಟರೆ ಹೇಗೆ? ಜನ ಬೆನ್ನು ಹತ್ತಿದರೆ ಮಾತ್ರ ಅದು ಅಲ್ಲಾಡುತ್ತದೆ. ಹಾಕಿ ಸಹಿ.

ಕೋತ್ರೂಡ್_ಕನ್ನಡಿಗ:
ನನಗೆ ಈ ಗಲಾಟೆಯೇ ಅರ್ಥ ಆಗುವುದಿಲ್ಲ. ವರ್ಷಗಟ್ಟಲೆ ಇಲ್ಲೇ ಇದ್ದೀರಿ, ಫಾರ್ಮ್ 8 ತುಂಬಿ ಹೆಸರನ್ನು ಇಲ್ಲಿಗೆ ತನ್ನಿ, ಮುಗೀತು. ಮೊಬೈಲಿನಲ್ಲೇ ಆಗುತ್ತದೆ. ನೀರು, ಕಸ, ರಸ್ತೆ ಎಲ್ಲಾ ಇಲ್ಲಿನ ಪಾಲಿಕೆಯದ್ದಲ್ವಾ? ಪುಣೆ, ಮುಂಬಯಿ ಎರಡೂ ಪಾಲಿಕೆಗಳ ಅವಧಿ 2022ರ ಮಾರ್ಚಿನಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ನಗರಸೇವಕರೇ, ಅಂದರೆ ಪಾಲಿಕೆ ಸದಸ್ಯರೇ ಇಲ್ಲದೆ ಅಧಿಕಾರಿಗಳೇ ನಡೆಸಿದರು. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನ ಹೇಳುತ್ತದೆ. ನನ್ನನ್ನು ಕೇಳಿದರೆ ಅದಕ್ಕೆ ಸಹಿ ಸಂಗ್ರಹಿಸಬೇಕಿತ್ತು. ಊರಲ್ಲಿ ಮನೆ ಇದೆ ಅಂದ ಮಾತ್ರಕ್ಕೆ ಅಲ್ಲಿನ ನಿವಾಸಿ ಆಗುವುದಿಲ್ಲ, ಅದೂ ಕಾನೂನೇ.

ಮುದ್ದೇಬಿಹಾಳ_ವಾಸ್ಕೋ:
ಕೋತ್ರೂಡ್ ಅಣ್ಣಾರ, ನಿಮಗೆ ಬಾಡಿಗೆ ಕರಾರು ಇದೆ, ಲೈಟ್ ಬಿಲ್ ಇದೆ. ನಮ್ಮವರು ಕಟ್ಟಡ ಕೆಲಸದವರು ರೀ. ವಾಸ್ಕೋದಲ್ಲಿ ಸ್ಲ್ಯಾಬ್ ಮುಗಿದರೆ ಮಡಗಾಂವಿಗೆ, ಅಲ್ಲಿಂದ ಮಾಪುಸಾಕ್ಕೆ. ತಗಡಿನ ಶೆಡ್ಡಿಗೆ ಮನೆ ನಂಬರ್ ಎಲ್ಲಿಂದ ತರೋಣ? ಖೋಲಿ ಬಾಡಿಗೆಗೆ ಕೊಟ್ಟವರು ಕಾಗದ ಬರೆದುಕೊಡುವುದಿಲ್ಲ. ದಾಖಲೆ ಇಲ್ಲದಿದ್ದರೆ ಮತಗಟ್ಟೆ ಮಟ್ಟದ ಅಧಿಕಾರಿ ಬಿಎಲ್‌ಒ ಬಂದು ನೋಡಿ ಬರೆದುಕೊಳ್ಳಬಹುದು, ಆದರೆ ಅವರು ಬರುವ ಹೊತ್ತಿಗೆ ಶೆಡ್ಡನ್ನೇ ಕಿತ್ತು ಒಯ್ದಿರುತ್ತಾರೆ. ಹಬ್ಬಕ್ಕೆ, ಬಿತ್ತನೆಗೆ ಊರಿಗೆ ಹೋಗೇ ಹೋಗುತ್ತೇವೆ, ಹೊಲ ಅಲ್ಲಿದೆ, ತಾಯಿ ಅಲ್ಲಿದ್ದಾಳೆ. ನಾವು ಊರು ಬಿಟ್ಟವರಾ, ದುಡಿಯಲು ಬಂದವರಾ? 2024ರಲ್ಲಿ ವಿಜಯಪುರಕ್ಕೂ ಗೋವಾಕ್ಕೂ ಒಂದೇ ದಿನ ಮತದಾನ, ಮೇ 7. ಇಲ್ಲಿ ರಜೆ ಕೊಟ್ಟರು, ನಮ್ಮವರು ಶೆಡ್ಡಿನಲ್ಲಿ ಬಟ್ಟೆ ಒಗೆದರು.

ಬಿಹಾರದಲ್ಲಿ 2025ರಲ್ಲಿ ಪಟ್ಟಿ ಪರಿಷ್ಕರಣೆ ಮಾಡಿ ಕರಡಿನಲ್ಲಿ ಸುಮಾರು 65 ಲಕ್ಷ ಹೆಸರು ಬಿಟ್ಟರಲ್ಲ, ಅದರಲ್ಲಿ ಸತ್ತವರೂ ಇದ್ದರು, ‘ಕಾಯಂ ಆಗಿ ಹೋಗಿದ್ದಾರೆ’ ಅಂತ ಬರೆಸಿಕೊಂಡವರೂ ಇದ್ದರು. ಯಾರನ್ನು ಯಾಕೆ ಬಿಟ್ಟಿರಿ ಅಂತ ಪಟ್ಟಿ ಹಾಕಿ ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಸಾಕಿನಾಕಾದ ಹುಡುಗರು ಹೆದರುವುದು ಸುಮ್ನೆ ಅಲ್ಲ.

ಠಾಣೆ_ವಕೀಲಕ್ಕ:
ಎಲ್ಲರೂ ಸಹಿ ಹಾಕಿ, ಆದರೆ ಈ ಮನವಿಗೆ ಬೇಡ. ನನಗೂ ಬಂದಿತ್ತು, ಓದಿದೆ. ‘ವಲಸಿಗರಿಗೆ ನ್ಯಾಯ ಕೊಡಿ’ ಅಂತ ಎರಡು ಪುಟ ಇದೆ, ಯಾವ ಕಾನೂನಿನಲ್ಲಿ ಏನು ಬದಲಿಸಬೇಕು ಅಂತ ಒಂದು ಸಾಲೂ ಇಲ್ಲ. ಹಾಗಿದ್ದರೆ ಓದಿದವರು ಮಡಚಿ ಇಡುತ್ತಾರೆ ಅಷ್ಟೇ.

ಕೇಳುವುದಾದರೆ ಇದನ್ನು ಕೇಳಿ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 60ನೇ ಸೆಕ್ಷನ್ ಪ್ರಕಾರ, ಆಯೋಗ ಸರ್ಕಾರದ ಜೊತೆ ಸಮಾಲೋಚಿಸಿ ಒಂದು ವರ್ಗದ ಜನರನ್ನು ಹೆಸರಿಸಿದರೆ ಆ ವರ್ಗಕ್ಕೆ ಅಂಚೆ ಮತ ಕೊಡಬಹುದು. ಯಂತ್ರ ಬರಬೇಕಾದರೆ ಕಾಯ್ದೆ, ನಿಯಮ ಎಲ್ಲಾ ತಿದ್ದಬೇಕು, ಅದು ತಡ. ಅಂಚೆ ಮತಕ್ಕೆ ಬಾಗಿಲು ಈಗಲೇ ಅರ್ಧ ತೆರೆದಿದೆ. ಕಾಶ್ಮೀರದಿಂದ ಬಂದ ನಿರಾಶ್ರಿತರಿಗೆ ಜಮ್ಮು, ಉಧಂಪುರ, ದೆಹಲಿಯಲ್ಲಿ ವಿಶೇಷ ಮತಗಟ್ಟೆ ಇಟ್ಟು ಅವರ ಊರಿನ ಓಟು ಹಾಕಿಸುತ್ತಾರೆ. ಅವರ ಕಷ್ಟ ಬೇರೆ, ಅದಕ್ಕೂ ನಮ್ಮದಕ್ಕೂ ಹೋಲಿಕೆ ಇಲ್ಲ. ಆದರೆ ‘ಮಾಡಲು ಬರುವುದೇ ಇಲ್ಲ’ ಅನ್ನುವವರಿಗೆ ಅದೇ ಉತ್ತರ.

ಇನ್ನೊಂದು ರಜೆಯ ವಿಷಯ. ಅದೇ ಕಾಯ್ದೆಯ 135ಬಿ ಪ್ರಕಾರ ಮತದಾನದ ದಿನ ಸಂಬಳ ಕಡಿಯದೆ ರಜೆ ಕೊಡಬೇಕು, ದಿನಗೂಲಿಯವರಿಗೂ. ಕೊಡದ ಮಾಲೀಕರಿಗೆ ದಂಡ ಎಷ್ಟು ಗೊತ್ತಾ? ಹೆಚ್ಚೆಂದರೆ 500 ರೂಪಾಯಿ! ಬೈಂದೂರಿಗೆ ಹೋಗಿ ಬರುವವನಿಗೆ ಒಂದು ದಿನ ಯಾವ ಮೂಲೆಗೆ? ಪ್ರಯಾಣದ ದಿನಗಳನ್ನೂ ಸೇರಿಸಿ, ದಂಡ ಏರಿಸಿ ಅಂತ ಬರೆಯಿರಿ. ಇದಕ್ಕೆ ಯಂತ್ರವೂ ಬೇಡ, ಏಜೆಂಟೂ ಬೇಡ, ತಿದ್ದುಪಡಿ ಒಂದು ಸಾಕು.

ಬರೆದದ್ದನ್ನು ವಾಟ್ಸಾಪಿನಲ್ಲಿ ತಿರುಗಿಸಬೇಡಿ. ಲೋಕಸಭೆಗೆ ಜನಸಾಮಾನ್ಯರೂ ಅರ್ಜಿ ಕೊಡಬಹುದು. ಪ್ರತಿಯೊಬ್ಬರ ಪೂರ್ತಿ ಹೆಸರು, ವಿಳಾಸ, ಸಹಿ ಇರಬೇಕು, ಸಹಿ ಬಾರದವರದ್ದು ಹೆಬ್ಬೆಟ್ಟು. ಕನ್ನಡದಲ್ಲೇ ಬರೆಯಿರಿ, ಜೊತೆಗೆ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಇಡಿ.

ಬೈಂದೂರು_ಸಾಕಿನಾಕಾ:
ಅಕ್ಕಾ, 500 ರೂಪಾಯಿ ಓದಿ ನಮ್ಮ ಭಟ್ರು ನಕ್ಕೇ ನಕ್ಕರು. ಶನಿವಾರ ರಾತ್ರಿ ಶಟರ್ ಎಳೆದ ಮೇಲೆ ಎಲ್ಲರೂ ಕೂತು ಬರೆಯುತ್ತೇವೆ. ಒಂದು ಗೊಂದಲ, ಬೈಂದೂರು ಬರುವುದು ಶಿವಮೊಗ್ಗ ಲೋಕಸಭೆಗೆ, ಕಾರ್ಕಳದವರದ್ದು ಉಡುಪಿ ಚಿಕ್ಕಮಗಳೂರು, ನಾವು ಇರುವುದು ಮುಂಬಯಿ. ಯಾವ ಸಂಸದರ ಹತ್ತಿರ ಹೋಗುವುದು?

ಠಾಣೆ_ವಕೀಲಕ್ಕ:
ಯಾರಾದರೂ ಆಗುತ್ತದೆ ತಮ್ಮಾ, ಮಂಡಿಸುವ ಸಂಸದರ ಮೇಲುಸಹಿ ಇದ್ದರೆ ಸಾಕು. ಮೂರು ಪ್ರತಿ ಮಾಡಿ ಮೂವರಿಗೂ ಕೊಡಿ. ಊರಿನವರಿಗೆ ನಿಮ್ಮ ಓಟು ಬೇಕು, ಇಲ್ಲಿನವರಿಗೆ ಅದರಿಂದ ಲಾಭ ಇಲ್ಲ, ಹಾಗಾಗಿ ಮೊದಲು ಊರಿನವರನ್ನೇ ಹಿಡಿಯಿರಿ. ಇಂಗ್ಲಿಷ್ ಅನುವಾದ ನಾನು ಮಾಡಿಕೊಡುತ್ತೇನೆ, ಕನ್ನಡದ್ದು ಇಲ್ಲೇ ಹಾಕಿ.

ಮುದ್ದೇಬಿಹಾಳ_ವಾಸ್ಕೋ:
ನಮಗೂ ಒಂದು ಪ್ರತಿ ಕಳಿಸಿ ರೀ. ಶೆಡ್ಡಿನಲ್ಲಿ ಹೆಬ್ಬೆಟ್ಟಿನವರು ಜಾಸ್ತಿ ಇದ್ದಾರೆ, ಇಂಕ್ ಪ್ಯಾಡ್ ನಾವೇ ತರುತ್ತೇವೆ.