ಹೆಣ್ಣು ಗಿನಿಪಿಗ್‌ಗಳ ಜಗಳ: ಯಾವಾಗ ಬಿಡಿಸಬೇಕು, ಯಾವಾಗ ಸುಮ್ಮನಿರಬೇಕು?

ಗರಿಕೆ:
ಮೂರು ವರ್ಷದ್ದು ಒಂದು, ಎರಡು ವರ್ಷದ್ದು ಒಂದು, ಎರಡೂ ಹೆಣ್ಣು. ಈಗ ನಾಲ್ಕು ತಿಂಗಳ ಹೆಣ್ಣುಮರಿಯನ್ನು ಜೊತೆಗೆ ಬಿಟ್ಟಿದ್ದೇವೆ. ದೊಡ್ಡದು ಗುರ್ರ್ ಅನ್ನುತ್ತಾ ಸೊಂಟ ಕುಣಿಸಿಕೊಂಡು ಮರಿಯ ಸುತ್ತ ಸುತ್ತುತ್ತೆ, ಬೆನ್ನೇರುತ್ತೆ, ಹುಲ್ಲಿನ ಹತ್ತಿರ ಬಂದರೆ ಅಟ್ಟುತ್ತೆ. ಮರಿ ಕಿರುಚಿಕೊಂಡು ಗೂಡು ಸೇರುತ್ತೆ. ಸ್ವಲ್ಪ ಕೂದಲು ಉದುರಿದೆ, ರಕ್ತ ಬಂದಿಲ್ಲ. ಪಂಜರ 3 ಅಡಿ ಉದ್ದ, 2 ಅಡಿ ಅಗಲ. ಒಂದು ಮರದ ಗೂಡು, ಒಂದು ನೀರಿನ ಬಾಟಲಿ. ರಾತ್ರಿ ಮರಿಯನ್ನು ಬೇರೆ ಇಡುತ್ತಿದ್ದೇವೆ. ಇದು ಸರಿಯಾ?

ಹುಲ್ಲುಮೆದೆ:
ಎಲ್ಲಕ್ಕಿಂತ ಮೊದಲು ಮರಿ ಹೆಣ್ಣೇ ಅಂತ ಖಚಿತ ಮಾಡಿಕೊಳ್ಳಿ. ಅಂಗಡಿಯವರ ಮಾತು ನಂಬಬೇಡಿ. ಜನನಾಂಗದ ಸ್ವಲ್ಪ ಮೇಲೆ ಮೆಲ್ಲಗೆ ಒತ್ತಿದರೆ ಗಂಡಿನದು ಹೊರಗೆ ಬರುತ್ತೆ. ಹೆಣ್ಣಿನಲ್ಲಿ ಇಂಗ್ಲಿಷ್ ವೈ ಅಕ್ಷರದಂಥ ಸೀಳು ಮಾತ್ರ ಕಾಣುತ್ತೆ. ಗಂಡಾಗಿದ್ದರೆ ತಕ್ಷಣ ಬೇರೆ ಮಾಡಿ. ಒಮ್ಮೆಯೂ ಮರಿ ಹಾಕದ ದೊಡ್ಡ ಹೆಣ್ಣುಗಳ ಸೊಂಟದ ಮೂಳೆ ಸಡಿಲವಾಗುವುದಿಲ್ಲ, ಹೆರಿಗೆಯಲ್ಲಿ ಜೀವಕ್ಕೇ ಅಪಾಯ.

ಹೆಣ್ಣೇ ಆದರೆ ನೀವು ಬರೆದದ್ದೆಲ್ಲ ಯಜಮಾನಿಕೆ ತೀರ್ಮಾನವಾಗುವ ಕ್ರಮ. ಬೆನ್ನೇರುವುದು, ಹಿಂಬದಿ ಮೂಸುವುದು, ಮೂತಿ ಎತ್ತಿ ನಿಲ್ಲುವುದು, ಒಂದೆರಡು ಎಳೆ ಕೂದಲು ಕೀಳುವುದು, ಯಾವುದಕ್ಕೂ ಕೈ ಹಾಕಬೇಡಿ. ಮರಿ ಕಿರುಚುವುದು ನೋವಿಗಲ್ಲ, ‘ಸೋತೆ’ ಅನ್ನುವುದಕ್ಕೆ. ಹೆಣ್ಣುಗಳಿಗೆ 15–17 ದಿನಕ್ಕೊಮ್ಮೆ ಬೆದೆ ಬರುತ್ತೆ, ಆ ಹೊತ್ತಿನಲ್ಲಿ ಇದೆಲ್ಲ ಜೋರಾಗಿ ಮಾರನೇ ದಿನ ಇಳಿಯುತ್ತೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಲೆಕ್ಕ ಸಿಗುತ್ತೆ.

ರಾತ್ರಿ ಬೇರೆ ಇಡುವುದನ್ನು ನಿಲ್ಲಿಸಿ. ಬೆಳಿಗ್ಗೆ ಮತ್ತೆ ಸೇರಿಸಿದಾಗ ತೀರ್ಮಾನ ಮೊದಲಿಂದ ಶುರುವಾಗುತ್ತೆ.

ಎಚ್ಚರ ಬೇಕಾದದ್ದು ಬೇರೆ: ಕುತ್ತಿಗೆ ಕೂದಲು ನಿಮಿರಿಸಿ, ಎದುರುಬದುರು ನಿಂತು ಬಿಡದೆ ಹಲ್ಲು ಕಟಕಟ ಅನಿಸುವುದು, ಆಕಳಿಸಿದ ಹಾಗೆ ಬಾಯಿ ತೆರೆದು ಹಲ್ಲು ತೋರಿಸುವುದು. ಇದನ್ನು ನಿದ್ದೆ ಅಂದುಕೊಳ್ಳುವವರೇ ಹೆಚ್ಚು. ಆಗ ನಡುವೆ ಕಸದ ಮೊರವನ್ನೋ ರಟ್ಟನ್ನೋ ತೂರಿಸಿ. ಎರಡೂ ಉಂಡೆಯಾಗಿ ಉರುಳಿದರೆ ದಪ್ಪ ಟವೆಲ್ ಹೊದಿಸಿ ಬಿಡಿಸಿ, ಬರಿಗೈ ಬೇಡ, ಆಳವಾಗಿ ಕಚ್ಚುತ್ತವೆ. ರಕ್ತ ಬಂದರೆ ಬೇರೆ ಮಾಡಲೇಬೇಕು. ಕೂದಲು ಬಿಡಿಸಿ ಗಾಯ ಹುಡುಕಿ, ಸಲೈನಿನಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ. ಹಲ್ಲಿನ ಗಾಯ ಮೇಲೆ ಮುಚ್ಚಿಕೊಂಡು ಒಳಗೆ ಕೀವಾಗುತ್ತೆ. ಮನೆಯಲ್ಲಿರುವ ಅಮಾಕ್ಸಿಸಿಲಿನ್ ಕೊಡಲೇಬೇಡಿ, ಇವುಗಳ ಕರುಳು ಕೆಟ್ಟು ಸಾಯುತ್ತವೆ.

ಸನ್‌ಪ್ಯಾಕ್:
ಅರ್ಧ ಜಗಳ ನಿಮ್ಮ ಪಂಜರದ್ದು. ಆರು ಚದರಡಿ ಎರಡಕ್ಕೇ ಸಾಲದು, ಮೂರಕ್ಕೆ ಹತ್ತೂವರೆಯಾದರೂ ಬೇಕು. 14 ಇಂಚಿನ ಜಾಲರಿಗಳನ್ನು ಉದ್ದಕ್ಕೆ ನಾಲ್ಕು, ಅಗಲಕ್ಕೆ ಎರಡು ಜೋಡಿಸಿ, ತಳಕ್ಕೆ ಸನ್‌ಪ್ಯಾಕ್ ಶೀಟ್ (ಬೋರ್ಡಿಗೆ ಬಳಸುವ ಟೊಳ್ಳು ಪ್ಲಾಸ್ಟಿಕ್ ಹಾಳೆ) ಮಡಚಿ ಹಾಕಿದರೆ ಆಗುತ್ತೆ. ಮಹಡಿ ಕಟ್ಟಿದ್ದು ಲೆಕ್ಕಕ್ಕಿಲ್ಲ, ಓಡಲು ನೆಲವೇ ಬೇಕು.

ಒಂದೇ ಬಾಗಿಲಿನ ಗೂಡನ್ನು ಇವತ್ತೇ ತೆಗೆಯಿರಿ. ದೊಡ್ಡದು ಬಾಗಿಲಲ್ಲಿ ನಿಂತರೆ ಮರಿಗೆ ದಾರಿಯಿಲ್ಲ. ರಟ್ಟಿನ ಡಬ್ಬಕ್ಕೆ ಎರಡೂ ಕಡೆ ಬಾಗಿಲು ಕೊಯ್ದು ನಾಲ್ಕು ಇಡಿ: ಮೂರು ಪ್ರಾಣಿಗೆ ಮೂರು, ಮೇಲೊಂದು. ಹುಲ್ಲು ಮೂರು ಕಡೆ, ಬಾಟಲಿ ಎರಡು ತುದಿಗೆ, ಕ್ಯಾಪ್ಸಿಕಂ ಹೋಳು, ಸೊಪ್ಪು ಎಲ್ಲ ದೂರ ದೂರ ಹಾಕಿ.

ಮತ್ತೆ ಸೇರಿಸುವಾಗ ಮೂರರಲ್ಲಿ ಯಾವುದೂ ಓಡಾಡಿರದ ಜಾಗ ಆರಿಸಿ. ಹಾಲ್‌ನ ನೆಲಕ್ಕೆ ಒಗೆದ ಬೆಡ್‌ಶೀಟ್ ಹಾಸಿ, ನಡುವೆ ಹುಲ್ಲಿನ ರಾಶಿ, ಗೂಡು ಬೇಡವೇ ಬೇಡ. ಮೂರನ್ನೂ ಒಟ್ಟಿಗೆ ಬಿಟ್ಟು ಮೂರು ನಾಲ್ಕು ಗಂಟೆ ಪಕ್ಕದಲ್ಲೇ ಕೂತಿರಿ. ಅಷ್ಟರಲ್ಲಿ ಇನ್ನೊಬ್ಬರು ಪಂಜರವನ್ನು ವಿನಿಗರ್ ನೀರಿನಲ್ಲಿ ಒರೆಸಿ, ಹಾಸು ಪೂರ್ತಿ ಬದಲಿಸಲಿ. ಹಳೇ ವಾಸನೆ ಉಳಿದರೆ ದೊಡ್ಡದು ಅದನ್ನು ತನ್ನದೇ ಅನ್ನುತ್ತೆ. ಮೂರೂ ಕಾಲು ಚಾಚಿ ಮಲಗಿದ ಮೇಲೆ ಒಟ್ಟಿಗೇ ಒಳಗೆ ಬಿಡಿ.

ಗರಿಕೆ:
ಮರಿ ಹೆಣ್ಣೇ. ಇನ್ನೊಂದು ವಿಷಯ: ಮರಿ ಬರುವುದಕ್ಕೂ ಮೊದಲೇ ದೊಡ್ಡದು ಎರಡನೆಯದರ ಬೆನ್ನೇರುವುದು ದಿನಾ ನಡೆದಿತ್ತು. ಈಗ ದೊಡ್ಡದರ ಎರಡೂ ಪಕ್ಕೆಯಲ್ಲಿ ಕೂದಲು ತೆಳುವಾಗಿದೆ. ತುರಿಕೆ ಇಲ್ಲ.

ಹುಲ್ಲುಮೆದೆ:
ಹಾಗಿದ್ದರೆ ಪಂಜರಕ್ಕೂ ಮೊದಲು ಇದನ್ನು ನೋಡಿ. ತುರಿಕೆಯಿಲ್ಲದೆ ಎರಡೂ ಪಕ್ಕೆಯಲ್ಲಿ ಸಮನಾಗಿ ಕೂದಲು ಹೋಗುವುದು, ಬೆದೆಯ ಲೆಕ್ಕ ತಪ್ಪಿ ದಿನವೂ ಬೆನ್ನೇರುವುದು, ಮೊಲೆತೊಟ್ಟು ಒರಟಾಗುವುದು ಅಂಡಾಶಯದ ಗುಳ್ಳೆಯ ಲಕ್ಷಣ. ಈ ವಯಸ್ಸಿನ ಹೆಣ್ಣುಗಳಲ್ಲಿ ಬಹಳ ಸಾಮಾನ್ಯ. ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿದರೆ ಗೊತ್ತಾಗುತ್ತೆ. ನಾಯಿ ಬೆಕ್ಕು ಮಾತ್ರ ನೋಡುವವರಿಗಿಂತ ಮೊಲ, ಗಿನಿಪಿಗ್ ನೋಡಿ ಪಳಗಿದ ಡಾಕ್ಟರನ್ನು ಹುಡುಕಿ. ಕೆಲವು ಬಗೆಯ ಗುಳ್ಳೆಗೆ ಹಾರ್ಮೋನ್ ಇಂಜೆಕ್ಷನ್ ಕೆಲ ಕಾಲ ತಡೆಯುತ್ತೆ, ಪೂರ್ತಿ ಪರಿಹಾರ ಆಪರೇಷನ್. ಆಪರೇಷನ್ ಹಿಂದಿನ ರಾತ್ರಿ ಉಪವಾಸ ಕೆಡವಿ ಅಂದರೆ ಒಪ್ಪಬೇಡಿ. ಗಿನಿಪಿಗ್ ವಾಂತಿ ಮಾಡುವುದಿಲ್ಲ, ಹೊಟ್ಟೆ ಖಾಲಿಯಾದರೆ ಕರುಳು ನಿಂತುಬಿಡುತ್ತೆ.

ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ಮೂರನ್ನೂ ತೂಗಿ. ಮರಿಯ ತೂಕ ಏರುತ್ತಿದ್ದರೆ ಅದಕ್ಕೆ ಹುಲ್ಲು ಸಿಗುತ್ತಿದೆ ಅಂತ ಅರ್ಥ. ದೊಡ್ಡವು 50 ಗ್ರಾಂಗಿಂತ ಹೆಚ್ಚು ಇಳಿದರೆ ಕಾಯಬೇಡಿ.

ಸನ್‌ಪ್ಯಾಕ್:
ಡಾಕ್ಟರ ಹತ್ತಿರ ಹೋಗುವಾಗ ಎರಡನೆಯದನ್ನೂ ಅದೇ ಬುಟ್ಟಿಯಲ್ಲಿ ಕರೆದುಕೊಂಡು ಹೋಗಿ. ಆಸ್ಪತ್ರೆಯ ವಾಸನೆ ಒಂದರ ಮೈಮೇಲೆ ಮಾತ್ರ ಬಂದರೆ ವಾಪಸು ಬಂದಾಗ ಹೊಸ ಜಗಳ. ಗಾಯ ಮಾಗುವವರೆಗೆ ಬೇರೆ ಇಡಬೇಕಾದರೆ ಅದೇ ಪಂಜರದ ನಡುವೆ ಜಾಲರಿ ಹಾಕಿ, ಮುಖ ಕಾಣಲಿ, ಮಾತು ಕೇಳಲಿ. ಒಂಟಿಯಾಗಿ ಇನ್ನೊಂದು ಕೋಣೆಗೆ ಬೇಡ. ಸ್ವಿಟ್ಜರ್ಲೆಂಡಿನಲ್ಲಿ 2008ರಿಂದ ಗಿನಿಪಿಗ್ಗನ್ನು ಒಂದೇ ಸಾಕುವುದಕ್ಕೆ ಕಾನೂನೇ ಬಿಡುವುದಿಲ್ಲ.